ಹದಿನೆಂಟನೇ ಅಧ್ಯಾಯವನ್ನು ಎರಡನೇ ವಚನದಿಂದ ಓದೋಣ: ನಮ್ಮ ಪುಟ್ಟ ಶಾಲೆಯ ಆಡಳಿತ ಮಂಡಳಿಗೆ ಬಹಿರಂಗ ಪತ್ರ

ಮಾನ್ಯ ಆಡಳಿತ ಮಂಡಳಿಯವರಿಗೆ, ಪಾಸ್ಟರ್ ಅವರಿಗೆ, ಮತ್ತು ಸಂಜೆ ಗೇಟಿನ ಹೊರಗೆ ನಿಂತು ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿಕೊಳ್ಳುವ ನನ್ನಂಥ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ನಾನು ಮೂರನೇ ಕ್ಲಾಸಿನ ಒಬ್ಬ ಹುಡುಗಿಯ ಅಮ್ಮ. ಶಾಲೆಯ ಹೆಸರು ಬರೆಯುವುದಿಲ್ಲ. ಓದಿದ ಕೂಡಲೇ ನಿಮಗೆ ಗೊತ್ತಾಗುತ್ತದೆ, ಬೇರೆಯವರಿಗೆ ಗೊತ್ತಾಗಿ ಆಗಬೇಕಾದ್ದೇನೂ ಇಲ್ಲ. ಹೆಸರು ಹಾಕಿದರೆ ಜಗಳ ಶುರುವಾಗುತ್ತದೆ. ನನಗೆ ಜಗಳ ಬೇಡ, ಉತ್ತರ ಬೇಕು.

ಮೂರನೇ ಕ್ಲಾಸಿನ ಬಾಗಿಲ ಪಕ್ಕ ಬ್ಯಾಗ್ ನೇತುಹಾಕಲು ಒಂದು ಸಾಲು ಕೊಕ್ಕೆಗಳಿವೆ, ನೋಡಿದ್ದೀರಿ. ಒಟ್ಟು 14. ಪ್ರತಿ ಕೊಕ್ಕೆಯ ಮೇಲೆ ಒಂದು ಹೆಸರಿನ ಚೀಟಿ, ಚೀಟಿಯ ಮೂಲೆಯಲ್ಲಿ ಒಂದು ಕುರಿಮರಿಯ ಚಿತ್ರ. ಈಗ 11 ಚೀಟಿಗಳು ಉಳಿದಿವೆ. ಮೂರು ಕಡೆ ಕಿತ್ತ ಗುರುತು. ಅಂಟು ಪೂರ್ತಿ ಹೋಗಿಲ್ಲ, ಅದರ ಮೇಲೆ ಧೂಳು ಕೂತು ಚೌಕಾಕಾರಕ್ಕೆ ಕಪ್ಪಾಗಿದೆ. ಆ ಮೂರು ಕೊಕ್ಕೆಗಳಿಗೆ ಮಕ್ಕಳು ಬ್ಯಾಗ್ ಹಾಕುವುದಿಲ್ಲ. ಹಾಕಬೇಡಿ ಅಂತ ಯಾರೂ ಹೇಳಿಲ್ಲ. ಸುಮ್ನೆ ಹಾಕುವುದಿಲ್ಲ.

ಮೂರು ಮನೆಯವರು ವರ್ಷದ ನಡುವೆ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಯಾಕೆ ಅಂತ ನೀವು ಹೇಳಲಿಲ್ಲ, ನಾವು ಕೇಳಲಿಲ್ಲ. ಸೋಮವಾರ ಬಂದಾಗ ಚೀಟಿ ಇರಲಿಲ್ಲ, ಅಷ್ಟೇ. ಮಗಳು ಮನೆಗೆ ಬಂದು, 'ಅಮ್ಮಾ, ಅವಳಿಗೆ ಹುಷಾರಿಲ್ವಾ?' ಅಂದಳು. ಇರಬಹುದು ಅಂದುಬಿಟ್ಟೆ. ಸುಳ್ಳು ಹೇಳಿದೆ. ಅದರ ಬಗ್ಗೆ ಮುಂದೆ ಬರೆಯುತ್ತೇನೆ.

ಮೊದಲು ಒಳ್ಳೆಯದನ್ನು ಹೇಳಬೇಕು. ಪತ್ರದ ಶುರುವಿನಲ್ಲಿ ಎರಡು ಹೊಗಳಿಕೆ ಇಟ್ಟು ಆಮೇಲೆ ಬೈಯುವ ಪದ್ಧತಿ ಇದೆಯಲ್ಲ, ಇದು ಅದಲ್ಲ. ಈ ಶಾಲೆಯಲ್ಲಿ ನನ್ನ ಮಗಳು ಎರಡು ವರ್ಷ ನಿಜವಾಗಿ ಖುಷಿಯಾಗಿದ್ದಳು. ಒಂದು ಮತ್ತು ಎರಡನೇ ಕ್ಲಾಸನ್ನು ಸೇರಿಸಿ ಒಬ್ಬರೇ ಮಿಸ್ ನೋಡಿಕೊಳ್ಳುತ್ತಿದ್ದರು. ಸೇರಿಸುವಾಗ ನಮಗೆ ಅದೇ ಅನುಮಾನ. ಎರಡು ಕ್ಲಾಸು, ಒಬ್ಬರೇ ಟೀಚರ್, ಏನು ಕಲಿಸುತ್ತಾರೆ ಅಂತ. ಆದರೆ ಆ ಕೋಣೆಯಲ್ಲಿ ಆಗುತ್ತಿದ್ದದ್ದೇ ಬೇರೆ. ದೊಡ್ಡ ಮಕ್ಕಳಿಗೆ ಹೇಳುವ ಪಾಠ ಚಿಕ್ಕವರ ಕಿವಿಗೆ ಮೊದಲೇ ಬಿದ್ದಿರುತ್ತಿತ್ತು. ಮುಂದಿನ ವರ್ಷ ಅದೇ ಪಾಠ ಬಂದಾಗ ಹಳೇ ಪರಿಚಯದವರು ಸಿಕ್ಕ ಹಾಗೆ. ಚಿಕ್ಕವರಿಗೆ ಓದಿ ಹೇಳುವ ಕೆಲಸ ದೊಡ್ಡವರದು. ಹಾಗೆ ಓದಿ ಹೇಳುತ್ತಾ ದೊಡ್ಡವರ ಓದೂ ಸರಿಹೋಗುತ್ತಿತ್ತು.

ಆ ಮಿಸ್ ಬೆಳಿಗ್ಗೆ ಬಾಗಿಲಲ್ಲೇ ನಿಂತಿರುತ್ತಿದ್ದರು. ಒಳಗೆ ಬರುವ ಪ್ರತಿ ಮಗುವಿನ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಯಾರ ಶೂ ಲೇಸ್ ಬಿಚ್ಚಿದೆ, ಯಾರು ರಾತ್ರಿ ನಿದ್ದೆ ಮಾಡಿಲ್ಲ ಅಂತ ಅವರಿಗೆ ನೋಡಿದ ತಕ್ಷಣ ತಿಳಿಯುತ್ತಿತ್ತು. ನನ್ನ ಮಗಳು ಬೋರ್ಡ್ ನೋಡುವಾಗ ಕಣ್ಣು ಕಿರಿದು ಮಾಡುತ್ತಾಳೆ ಅಂತ ಮೊದಲು ಹೇಳಿದವರು ಅವರೇ. ನಾನು ಹೆತ್ತವಳು, ನನಗೆ ಗೊತ್ತಾಗಿರಲಿಲ್ಲ. ಕನ್ನಡಕ ಬಂತು. ಅವರು ಬೈಬಲ್ ವಚನಗಳನ್ನು ರಾಗ ಹಾಕಿ, ಕೈಸನ್ನೆ ಮಾಡಿಸಿ ಕಲಿಸುತ್ತಿದ್ದರು. ನಾವು ನಿಮ್ಮ ಚರ್ಚಿನ ಸಭೆಯವರಲ್ಲ. ಆದರೂ ನಮ್ಮ ಮನೆಯಲ್ಲಿ ಬಟ್ಟೆ ಮಡಚುವಾಗ ನಾನೂ ಆ ಹಾಡುಗಳನ್ನು ಗುನುಗುತ್ತಿದ್ದೆ.

ಚಿಕ್ಕ ಶಾಲೆ ಅಂದರೆ ಇದು ಅಂತ ಅಂದುಕೊಂಡಿದ್ದೆ.

ನಿಮ್ಮ ಪ್ರವೇಶದ ಪುಸ್ತಿಕೆಯಲ್ಲೂ ಅದನ್ನೇ ಬರೆದಿದ್ದೀರಿ. ಚಿಕ್ಕ ತರಗತಿಯಲ್ಲಿ ಮಕ್ಕಳು ಹೆಚ್ಚು ಕಲಿಯುತ್ತಾರೆ ಎಂಬುದು ಸಾಬೀತಾಗಿದೆ ಅಂತ. ನಾನು ಸ್ವಲ್ಪ ಕೆದಕಿ ನೋಡುವ ಸ್ವಭಾವದವಳು. ಈ ಮಾತು ಬಂದಾಗ ಎಲ್ಲರೂ ತೋರಿಸುವುದು ಅಮೆರಿಕದ ಟೆನೆಸಿ ರಾಜ್ಯದ ಒಂದು ಅಧ್ಯಯನವನ್ನು. 1985ರಲ್ಲಿ ಶುರುವಾಗಿ ನಾಲ್ಕು ವರ್ಷ ನಡೆಯಿತು. 11 ಸಾವಿರಕ್ಕೂ ಜಾಸ್ತಿ ಮಕ್ಕಳು. ಕೆಲವರನ್ನು 13ರಿಂದ 17 ಮಕ್ಕಳಿರುವ ಕ್ಲಾಸಿಗೆ, ಉಳಿದವರನ್ನು 22ರಿಂದ 25 ಮಕ್ಕಳಿರುವ ಕ್ಲಾಸಿಗೆ ಚೀಟಿ ಎತ್ತಿದ ಹಾಗೆ ಹಂಚಿದರು. ಚಿಕ್ಕ ಕ್ಲಾಸಿನ ಮಕ್ಕಳು ಓದಿನಲ್ಲೂ ಲೆಕ್ಕದಲ್ಲೂ ಮುಂದಿದ್ದರು. ಅಲ್ಲಿವರೆಗೆ ನಿಮ್ಮ ಮಾತು ನಿಜ. ಆದರೆ ಆ ಅಧ್ಯಯನಕ್ಕೆ ಸೇರಲು ಒಂದು ಶಾಲೆಯಲ್ಲಿ ಪ್ರತಿ ತರಗತಿಗೆ ಕಡಿಮೆ ಅಂದರೂ 57 ಮಕ್ಕಳಿರಬೇಕಿತ್ತು. ಇಲ್ಲದಿದ್ದರೆ ಒಂದೇ ಶಾಲೆಯೊಳಗೆ ಚಿಕ್ಕ ಕ್ಲಾಸು, ದೊಡ್ಡ ಕ್ಲಾಸು ಅಂತ ಭಾಗ ಮಾಡಿ ಹೋಲಿಸುವುದು ಆಗುವುದಿಲ್ಲ. ನಮ್ಮಂಥ ಶಾಲೆಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಅಲ್ಲಿ ಚಿಕ್ಕದಾಗಿದ್ದದ್ದು ಕ್ಲಾಸು, ಶಾಲೆಯಲ್ಲ.

ಇದು ಕೂದಲು ಸೀಳುವ ವಾದ ಅಂತ ಅನ್ನಿಸಬಹುದು. ಅಲ್ಲ. ದೊಡ್ಡ ಶಾಲೆಯ ಚಿಕ್ಕ ಕ್ಲಾಸಿನಲ್ಲಿ ಒಬ್ಬ ಟೀಚರ್ ಜೊತೆ ಮಗುವಿಗೆ ಹೊಂದಿಕೆಯಾಗದಿದ್ದರೆ ಪಕ್ಕದಲ್ಲಿ ಇನ್ನೊಂದು ವಿಭಾಗ ಇರುತ್ತದೆ. ಅಲ್ಲೂ ಆಗದಿದ್ದರೆ ಮೇಲಿನವರು ಇರುತ್ತಾರೆ, ಅವರು ಈ ಟೀಚರ್‌ಗೆ ಬಂಧುವಾಗಿರುವುದಿಲ್ಲ. ಚಿಕ್ಕ ಶಾಲೆಯಲ್ಲಿ ಮೂರನೇ ಕ್ಲಾಸು ಅಂದರೆ ಒಂದೇ ಕೋಣೆ, ಒಬ್ಬರೇ ಟೀಚರ್. ಅವರ ಅತ್ತಿಗೆ ಹೆಡ್‌ಮಿಸ್. ಹೆಡ್‌ಮಿಸ್ ಅವರ ಗಂಡ ಖಜಾಂಚಿ. ಖಜಾಂಚಿಯವರ ಬಾಲ್ಯದ ಗೆಳೆಯರು ಪಾಸ್ಟರ್. ಇದರಲ್ಲಿ ಯಾರದೂ ತಪ್ಪಿಲ್ಲ. ನಾಲ್ಕು ಮನೆಯವರು ಸೇರಿ ಕಟ್ಟಿದ ಶಾಲೆ ಹೀಗೇ ಇರುತ್ತದೆ. ಆದರೆ ಹೀಗಿರುವ ಶಾಲೆಯಲ್ಲಿ ಒಂದು ವಿಷಯ ಕೆಟ್ಟರೆ ಅದನ್ನು ಎಲ್ಲಿಗೆ ತೆಗೆದುಕೊಂಡು ಹೋಗಬೇಕು?

ನಮ್ಮ ಮನೆಯಲ್ಲಿ ಕೆಟ್ಟ ವಿಷಯ ಇದು.

ಮೂರನೇ ಕ್ಲಾಸಿನ ಗೋಡೆಯ ಮೇಲೆ ಒಂದು ಚಾರ್ಟ್ ಇದೆ. ಎಡಗಡೆ ಮಕ್ಕಳ ಹೆಸರು, ಬಲಗಡೆ ವಾರಗಳು. ಶುಕ್ರವಾರ ಕಂಠಪಾಠ ವಚನ ಒಪ್ಪಿಸಿದವರಿಗೆ ಬಂಗಾರದ ಬಣ್ಣದ ನಕ್ಷತ್ರ. ಒಪ್ಪಿಸದವರ ಚೌಕ ಖಾಲಿ. ಒಪ್ಪಿಸದವರು ಆಟದ ಹೊತ್ತಿನಲ್ಲಿ ಒಳಗೆ ಕೂತು ಅದೇ ವಚನವನ್ನು ಹತ್ತು ಸಲ ಬರೆಯಬೇಕು. ಮಗಳ ಹೆಸರಿನ ಮುಂದೆ ಒಂಬತ್ತು ವಾರ ಸತತವಾಗಿ ಖಾಲಿ. ಪೋಷಕರ ಸಭೆಯ ದಿನ ನಾನು ಆ ಚಾರ್ಟ್ ಮುಂದೆ ನಿಂತಿದ್ದೆ. ಪಕ್ಕದಲ್ಲಿ ಇನ್ನೊಬ್ಬ ಅಮ್ಮ ನಿಂತಿದ್ದರು. ಅವರು ಕಣ್ಣು ಬೇರೆ ಕಡೆ ತಿರುಗಿಸಿದರು. ಮರ್ಯಾದಸ್ಥರು. ನಾನು ಎಂಟು ವರ್ಷದ ಹುಡುಗಿಯಾಗಿದ್ದರೆ ನನ್ನ ಪಕ್ಕ ನಿಲ್ಲುವವರು ಅಷ್ಟು ಮರ್ಯಾದಸ್ಥರಾಗಿರುತ್ತಿರಲಿಲ್ಲ.

ಮಗಳಿಗೆ ಡಿಸ್ಲೆಕ್ಸಿಯಾ ಇದೆ ಅಂತ ಈಚೆಗೆ ಪರೀಕ್ಷೆ ಮಾಡಿಸಿದಾಗ ತಿಳಿಯಿತು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಇದು ಬುದ್ಧಿ ಕಡಿಮೆ ಇರುವುದಲ್ಲ, ಸೋಮಾರಿತನವೂ ಅಲ್ಲ, ಕಣ್ಣಿನ ದೋಷವೂ ಅಲ್ಲ. ಮಾತಿನ ಸದ್ದನ್ನು ಬಿಡಿಸಿ ಅಕ್ಷರದ ಜೊತೆ ಜೋಡಿಸುವ ಕೆಲಸ ಈ ಮಕ್ಕಳಿಗೆ ಸಲೀಸಾಗಿ ಬರುವುದಿಲ್ಲ. ಕೇಳಿ ಕಲಿಯುವುದರಲ್ಲಿ ಅವಳು ಚುರುಕು. ಪುಟ ನೋಡಿ ಕಲಿ ಅಂದರೆ ಅರ್ಧ ಗಂಟೆ ಬೆರಳಿಟ್ಟು ಓದಿ, ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ. ಹತ್ತು ಸಲ ಬರೆ ಅಂದರೆ ಹತ್ತು ಸಲವೂ ಬೇರೆ ಬೇರೆ ತಪ್ಪು.

ಟೀಚರ್‌ಗೆ ಇದು ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಅದಕ್ಕಾಗಿ ದೂರಿಲ್ಲ. ನನ್ನ ದೂರು ಅವರು ಕ್ಲಾಸಿನಲ್ಲಿ ಎಲ್ಲರ ಮುಂದೆ ಹೇಳಿದ ಒಂದು ಮಾತಿನ ಬಗ್ಗೆ. 'ಇವಳಿಗೆ ದೇವರ ವಾಕ್ಯದ ಮೇಲೆ ಮನಸ್ಸಿಲ್ಲ.'

ಬೇರೆ ಶಾಲೆಯಲ್ಲಿ ಬಾಯಿಪಾಠ ಬಾರದ ಮಗು ಓದಿನಲ್ಲಿ ಹಿಂದೆ, ಅಷ್ಟೇ. ನಿಮ್ಮ ಶಾಲೆಯಲ್ಲಿ ಅದೇ ಮಗು ಭಕ್ತಿಯಲ್ಲೂ ಹಿಂದೆ ಬೀಳುತ್ತದೆ. ಈ ವ್ಯತ್ಯಾಸ ನಿಮಗೆ ಹೊಳೆದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಧರ್ಮ ಕಲಿಸುವ ಶಾಲೆಗೆ ಒಂದು ಹೆಚ್ಚಿನ ಶಕ್ತಿ ಇದೆ. ಅಲ್ಲಿ ಹೊಗಳಿಕೆ ಎರಡು ಪಟ್ಟು ಬೆಚ್ಚಗಿರುತ್ತದೆ, ಬೈಗುಳ ಎರಡು ಪಟ್ಟು ಆಳಕ್ಕೆ ಇಳಿಯುತ್ತದೆ. ಲೆಕ್ಕದಲ್ಲಿ ಸೊನ್ನೆ ಬಂದರೆ ಮೇಷ್ಟ್ರಿಗೆ ಕೋಪ ಬರುತ್ತದೆ. ಇಲ್ಲಿ ಸೊನ್ನೆ ಬಂದರೆ ಯಾರಿಗೆ ಕೋಪ ಬಂತು ಅಂತ ಮಗು ಲೆಕ್ಕ ಹಾಕುತ್ತದೆ ಹೇಳಿ?

ಒಂದು ರಾತ್ರಿ ದೀಪ ಆರಿಸಿದ ಮೇಲೆ ಅವಳು ಕೇಳಿದಳು. 'ಅಮ್ಮಾ, ಬಾಯಿಪಾಠ ಮಾಡದೆ ನನ್ನ ಮಾತಲ್ಲೇ ಪ್ರಾರ್ಥನೆ ಮಾಡಿದ್ರೆ ಅದು ಲೆಕ್ಕಕ್ಕೆ ಬರುತ್ತಾ?'

ನಕ್ಷತ್ರದ ಚಾರ್ಟ್ ಎಲ್ಲಿವರೆಗೆ ಹೋಗಿ ಕೂತಿದೆ ನೋಡಿ.

ಈ ವಿಷಯ ಹಿಡಿದುಕೊಂಡು ನಾನು ಮೊದಲು ಟೀಚರ್ ಹತ್ತಿರ ಹೋದೆ. ಒಬ್ಬಳೇ, ಶಾಲೆ ಬಿಟ್ಟ ಮೇಲೆ, ಬಾಗಿಲು ಮುಂದೆ ಮಾಡಿಕೊಂಡು. ಅವರು ಎಲ್ಲ ಮಕ್ಕಳಿಗೂ ಒಂದೇ ನಿಯಮ ಅಂದರು. ಆಮೇಲೆ ಗಂಡನನ್ನು ಕರೆದುಕೊಂಡು, ಪರೀಕ್ಷೆಯ ವರದಿ ಹಿಡಿದುಕೊಂಡು ಹೆಡ್‌ಮಿಸ್ ಹತ್ತಿರ ಹೋದೆ. ಅವರು ಪ್ರೀತಿಯಿಂದಲೇ ಮಾತಾಡಿದರು. ನನ್ನ ಕೈ ಹಿಡಿದುಕೊಂಡು ಪ್ರಾರ್ಥನೆ ಮಾಡಿದರು. ಮನಸ್ಸಿಗೆ ಹಿತವಾಯಿತು, ಇಲ್ಲ ಅನ್ನಲಾರೆ. ಮುಂದಿನ ಶುಕ್ರವಾರ ಮಗಳು ಮತ್ತೆ ಆಟ ಬಿಟ್ಟು ಒಳಗೆ ಕೂತಿದ್ದಳು. ಎರಡನೇ ಸಲ ಹೋದಾಗ ನಿಯಮಗಳ ಪುಸ್ತಕ ತೆಗೆದು ತೋರಿಸಿದರು. ಅದರಲ್ಲಿ ದೂರುಗಳ ಬಗ್ಗೆ ಇರುವುದು ಒಂದೇ ಪ್ಯಾರಾ. ಬೈಬಲಿನ ಮತ್ತಾಯನ ಸುವಾರ್ತೆ 18ನೇ ಅಧ್ಯಾಯ, 15ರಿಂದ 17ನೇ ವಚನದ ಪ್ರಕಾರ ನಡೆದುಕೊಳ್ಳಬೇಕು. ಯಾರ ಮೇಲೆ ಬೇಸರವೋ ಅವರ ಹತ್ತಿರವೇ ಹೋಗಿ ಒಂಟಿಯಾಗಿ ಮಾತಾಡಬೇಕು. ಬೇರೆ ಪೋಷಕರ ಜೊತೆ ಚರ್ಚೆ ಮಾಡಬಾರದು. ಪ್ರವೇಶದ ದಿನ ನಾನೇ ಸಹಿ ಹಾಕಿದ್ದೇನೆ, ನನ್ನ ಸಹಿಯನ್ನೂ ತೋರಿಸಿದರು.

ನಾನು ಬೈಬಲ್ ಪಂಡಿತೆ ಅಲ್ಲ. ಆದರೆ ಎರಡನೇ ಕ್ಲಾಸು ಮುಗಿಸಿದಾಗ ನೀವು ಮಗಳಿಗೆ ಕೊಟ್ಟ ಬೈಬಲ್ ಮನೆಯಲ್ಲಿದೆ. ಮೊದಲ ಪುಟದಲ್ಲಿ ಹೆಡ್‌ಮಿಸ್ ಅವರ ಅಕ್ಷರದಲ್ಲಿ ಅವಳ ಹೆಸರು. ಹಿಂದಿನ ನಕ್ಷೆಯಲ್ಲಿ ಇಡೀ ಸಮುದ್ರಕ್ಕೆ ಅವಳು ನೇರಳೆ ಕ್ರೇಯಾನ್ ಬಳಿದಿದ್ದಾಳೆ. ಅದನ್ನೇ ತೆಗೆದು ಓದಿದೆ.

15ನೇ ವಚನದಿಂದ ಓದಿದರೆ ನೀವು ಹೇಳಿದ್ದು ಸರಿ. ನಿನ್ನ ಸಹೋದರ ತಪ್ಪು ಮಾಡಿದರೆ ಇಬ್ಬರೇ ಇರುವಾಗ ತಿಳಿಸು. ಕೇಳದಿದ್ದರೆ ಇನ್ನೂ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಮೂರು ಮೆಟ್ಟಿಲು. ನಿಮ್ಮ ಪುಸ್ತಕದಲ್ಲಿ ಇರುವುದು ಮೊದಲನೆಯದು ಮಾತ್ರ. ಎರಡನೆಯದನ್ನು ನಾವೇ ಹತ್ತಿದೆವು. ಮೂರನೆಯದಕ್ಕೆ ಕಾಲಿಡಲು ಜಾಗವೇ ಇಲ್ಲ. ವಚನದ ಸಂಖ್ಯೆ 17ರವರೆಗೆ ಬರೆದಿದ್ದೀರಿ, ಪಾಲಿಸುವುದು 15ಕ್ಕೇ ನಿಂತಿದೆ.

ಇನ್ನೊಂದು ವಿಷಯ. ಅಲ್ಲಿರುವುದು ಸಹೋದರ ಮತ್ತು ಸಹೋದರನ ನಡುವಿನ ಮಾತು. ಇಬ್ಬರೂ ಸರಿಸಮ. ಎಂಟು ವರ್ಷದ ಮಗು ಟೀಚರ್ ಹತ್ತಿರ ಒಂಟಿಯಾಗಿ ಹೋಗಿ ನಿಮ್ಮದು ತಪ್ಪು ಅನ್ನುವುದುಂಟಾ? ಆಗದ ಮಾತು. ಅದರ ಪರವಾಗಿ ನಾವು ಹೋದರೆ ನಮಗೂ ಅದೇ ನಿಯಮ, ಮೆಲ್ಲಗೆ ಮಾತಾಡಿ, ಯಾರಿಗೂ ಹೇಳಬೇಡಿ. ತಮಾಷೆ ನೋಡಿ. ಟೀಚರ್ ತಪ್ಪನ್ನು ನಾವು ಬಾಗಿಲು ಮುಚ್ಚಿಕೊಂಡು ಹೇಳಬೇಕು. ಮಗುವಿನ ತಪ್ಪನ್ನು ಗೋಡೆಗೆ ಅಂಟಿಸಬಹುದು. 15ನೇ ವಚನ ಯಾರಿಗೆ ಜಾಸ್ತಿ ಬೇಕಿತ್ತು, ದೊಡ್ಡವರಿಗೋ ಮಗುವಿಗೋ?

ಆಮೇಲೆ ಪುಟ ಹಿಂದಕ್ಕೆ ತಿರುಗಿಸಿದೆ. ಆ ಅಧ್ಯಾಯ 15ರಿಂದ ಶುರುವಾಗುವುದಿಲ್ಲ ಅಂತ ನಿಮಗೆ ನಾನು ಹೇಳಬೇಕಾಗಿ ಬಂದದ್ದೇ ವಿಚಿತ್ರ. ಪರಲೋಕ ರಾಜ್ಯದಲ್ಲಿ ಯಾರು ದೊಡ್ಡವರು ಅಂತ ಶಿಷ್ಯರು ಕೇಳುತ್ತಾರೆ. ಎರಡನೇ ವಚನದಲ್ಲಿ ಯೇಸು ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸುತ್ತಾನೆ. ಮಗುವನ್ನು ಎಲ್ಲರ ಮುಂದೆ ನಿಲ್ಲಿಸುವುದು ಅಲ್ಲೂ ಇದೆ, ಆದರೆ ನಾಚಿಕೆ ಪಡಿಸಲಿಕ್ಕಲ್ಲ. ದೊಡ್ಡವರು ನಾಚಿಕೊಳ್ಳಲಿ ಅಂತ. ಈ ಚಿಕ್ಕವರಲ್ಲಿ ಒಬ್ಬರನ್ನು ಎಡವಿಸಿದವರ ಬಗ್ಗೆ ಆರನೇ ವಚನದಲ್ಲಿ ಬೀಸುವ ಕಲ್ಲು, ಕುತ್ತಿಗೆ, ಸಮುದ್ರ ಎಲ್ಲ ಬರುತ್ತದೆ. ಅದನ್ನು ನಿಮ್ಮ ಮೇಲೆ ಎತ್ತಿ ಹಾಕುವ ಉದ್ದೇಶ ನನಗಿಲ್ಲ, ಅಷ್ಟು ದೊಡ್ಡ ಕಲ್ಲು ಬೇಡ. 12ನೇ ವಚನದಲ್ಲಿ ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡರೆ 99ನ್ನು ಬಿಟ್ಟು ಅದೊಂದನ್ನು ಹುಡುಕಿಕೊಂಡು ಹೋಗುವ ಕಥೆ. ಇದೆಲ್ಲ ಆದ ಮೇಲೆ ನಿಮ್ಮ 15ನೇ ವಚನ.

ಕೊಕ್ಕೆಯ ಮೇಲೆ ಕುರಿಮರಿ ಅಂಟಿಸಿದ್ದೀರಿ. 14ರಲ್ಲಿ ಮೂರು ಹೋದವು. ಯಾರಾದರೂ ಹುಡುಕಿಕೊಂಡು ಹೋದಿರಾ?

ಹೋಗಿಲ್ಲ ಅಂತ ಈಗ ನನಗೆ ಗೊತ್ತು. ಆ ಮೂವರಲ್ಲಿ ಇಬ್ಬರು ಅಮ್ಮಂದಿರನ್ನು ಈ ಪತ್ರಕ್ಕೆ ಮುಂಚೆ ಹೋಗಿ ಮಾತಾಡಿಸಿದೆ. ನಿಯಮ ಮುರಿದೆ. ಒಬ್ಬರ ಮಗನಿಗೂ ಓದಿನ ತೊಡಕೇ. ಇನ್ನೊಬ್ಬರ ಕಥೆ ಬೇರೆ, ಅದನ್ನು ಹೇಳುವುದು ಅವರ ಹಕ್ಕು. ಆದರೆ ಇಬ್ಬರೂ ಹೇಳಿದ ಒಂದು ಮಾತು ಒಂದೇ. ಬಿಟ್ಟ ದಿನದಿಂದ ಶಾಲೆಯ ಕಡೆಯಿಂದ ಒಬ್ಬರೂ ಫೋನ್ ಮಾಡಲಿಲ್ಲ, ಬೇರೆ ಪೋಷಕರೂ ಮಾಡಲಿಲ್ಲ. ಅದರಲ್ಲಿ ನಾನೂ ಇದ್ದೇನೆ. ಒಬ್ಬಳ ಮಗಳು ನನ್ನ ಮಗಳ ಜೀವದ ಗೆಳತಿಯಾಗಿದ್ದವಳು. ಆಗ ಗೇಟಿನ ಹತ್ತಿರ ಯಾರೋ, 'ಅವರು ಸ್ವಲ್ಪ ಹಾಗೇ, ಎಲ್ಲೂ ಹೊಂದಿಕೊಳ್ಳುವುದಿಲ್ಲ' ಅಂದರು. ನಾನು ತಲೆ ಆಡಿಸಿದೆ. ನನ್ನ ಮಗು ಚೆನ್ನಾಗಿತ್ತಲ್ಲ, ನನಗೇನು? ಮಗಳಿಗೆ ಸುಳ್ಳು ಹೇಳಿದೆ. ಈಗ ನನ್ನ ಬಗ್ಗೆ ಅದೇ ಗೇಟಿನ ಹತ್ತಿರ ಅದೇ ಮಾತು ಬರುತ್ತಿದೆ ಅಂತ ಕೇಳಿದೆ. ಬರಲಿ, ನ್ಯಾಯವೇ.

ನಿಮ್ಮ ಕಷ್ಟವನ್ನೂ ಬಲ್ಲೆ. ಚಿಕ್ಕ ಖಾಸಗಿ ಶಾಲೆಯ ಲೆಕ್ಕ ಬಲು ನಾಜೂಕು. ಕ್ಲಾಸಿನಲ್ಲಿ 40 ಮಕ್ಕಳಿರುವ ಕಡೆ ಇಬ್ಬರು ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. 14 ಮಕ್ಕಳಲ್ಲಿ ಮೂವರು ಹೋದರೆ ಆ ಕ್ಲಾಸಿನ ಫೀಸಿನಲ್ಲಿ ಐದನೇ ಒಂದು ಪಾಲಿಗಿಂತ ಜಾಸ್ತಿ ಹೋಯಿತು. ಟೀಚರ್ ಸಂಬಳ ಅಷ್ಟೇ, ಬಾಡಿಗೆ ಅಷ್ಟೇ, ಕರೆಂಟ್ ಬಿಲ್ಲೂ ಅಷ್ಟೇ. ಅದಕ್ಕೇ ದೂರು ಅಂದರೆ ನಿಮಗೆ ಭಯ. ಒಬ್ಬರು ಬಾಯಿ ಬಿಟ್ಟರೆ ಇನ್ನಿಬ್ಬರು ಹೊರಡುತ್ತಾರೆ, ಆಮೇಲೆ ಬಾಗಿಲು ಹಾಕಬೇಕಾಗುತ್ತದೆ. ಟೀಚರ್‌ಗಳು ಬೇರೆ ಕಡೆ ಸಿಗುವುದಕ್ಕಿಂತ ಕಡಿಮೆ ಸಂಬಳಕ್ಕೆ ಸೇವೆ ಅಂತ ದುಡಿಯುತ್ತಿದ್ದಾರೆ, ಅದೂ ಗೊತ್ತು. ಗೊತ್ತಿರುವುದರಿಂದಲೇ ಬಾಯಿ ಕಟ್ಟುತ್ತದೆ. ಇಷ್ಟೆಲ್ಲ ತ್ಯಾಗ ಮಾಡುವವರ ಮೇಲೆ ಹೇಗಪ್ಪಾ ದೂರು ಹೇಳುವುದು ಅಂತ. ಆದರೆ ಮಗು ಸಂಬಳದ ಚೀಟಿ ನೋಡಿ ನೊಂದುಕೊಳ್ಳುವುದಿಲ್ಲ, ಅಲ್ವಾ?

ಮತ್ತೆ ಪದೇ ಪದೇ ಬರುವ ಇನ್ನೊಂದು ಮಾತು. 'ನಮ್ಮದು ಶಾಲೆಯಲ್ಲ, ಕುಟುಂಬ.' ಸೇರಿಸುವಾಗ ಕೇಳಿ ಕಣ್ಣು ತುಂಬಿ ಬಂದಿತ್ತು. ಈಗ ಅದೇ ಮಾತು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಮನೆಯ ಗುಟ್ಟು ಹೊರಗೆ ಹಾಕಬಾರದು ಅನ್ನುವುದು ಕುಟುಂಬದ ಮೊದಲ ನಿಯಮ. ಹಿರಿಯರಿಗೆ ಎದುರಾಡಬಾರದು ಅನ್ನುವುದು ಎರಡನೆಯದು. ಶಾಲೆ ಶಾಲೆಯಾಗಿದ್ದರೆ ನಾನು ಅರ್ಜಿ ಕೊಡಬಹುದು, ಉತ್ತರ ಕೇಳಬಹುದು. ಕುಟುಂಬದಲ್ಲಿ ಅರ್ಜಿ ಕೊಟ್ಟವಳು ಮನೆಮುರುಕಿ.

ನನಗಿಂತ ಕಷ್ಟ ಇರುವುದು ನಿಮ್ಮ ಸಭೆಗೇ ಸೇರಿದ ಪೋಷಕರಿಗೆ. ನಾನು ಜಗಳ ಆಡಿ ಹೊರಗೆ ನಡೆದರೆ ಕಳೆದುಕೊಳ್ಳುವುದು ಒಂದು ಶಾಲೆ. ಅವರು ಕಳೆದುಕೊಳ್ಳುವುದು ಭಾನುವಾರವನ್ನೂ. ಮದುವೆ ಮಾಡಿಸಿದ ಪಾಸ್ಟರ್, ಮಗು ಹುಟ್ಟಿದಾಗ ಆಸ್ಪತ್ರೆಗೆ ಊಟ ತಂದವರು, ಅಪ್ಪ ತೀರಿಕೊಂಡಾಗ ಜೊತೆಗೆ ಕೂತವರು, ಎಲ್ಲರೂ ಅದೇ ಬೆಂಚಿನಲ್ಲಿ. ಅಂಥವರು ಯಾವ ಧೈರ್ಯದಲ್ಲಿ ಬಾಯಿ ಬಿಡುತ್ತಾರೆ? ಅವರ ಮಕ್ಕಳಲ್ಲಿ ಹೆಚ್ಚಿನವರು ಇಲ್ಲಿ ಚೆನ್ನಾಗಿ ಬೆಳೆಯುತ್ತಿದ್ದಾರೆ, ನಿಜ. ಒಬ್ಬ ತಂದೆಯ ಮೂರು ಮಕ್ಕಳೂ ಇಲ್ಲೇ ಓದಿ ಮುಂದೆ ಹೋದರು, ಮೂವರೂ ಚುರುಕು, ಮೂವರೂ ನಯ. ಅವರು ಈ ಪತ್ರ ಓದಿ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ನನಗೂ ಬೇಜಾರಿದೆ. ಅವರ ಅನುಭವ ಸುಳ್ಳಲ್ಲ, ನನ್ನದೂ ಸುಳ್ಳಲ್ಲ. ಹಾಗೆಯೇ ಅವರ ಮೂರು ಮಕ್ಕಳಿಗೂ ವಚನ ಸಲೀಸಾಗಿ ಬಾಯಿಗೆ ಬರುತ್ತಿತ್ತು ಅನ್ನುವುದೂ ಸುಳ್ಳಲ್ಲ.

ಪಠ್ಯದ ಬಗ್ಗೆ, ವಿಜ್ಞಾನದ ಪಾಠದ ಬಗ್ಗೆ ಕೆಲವರು ಬರೆ ಬರೆ ಅಂದರು. ಅದು ಬೇರೆ ಪತ್ರ, ಬೇರೆಯವರು ಬರೆಯಲಿ.

ಹಾಗಾದರೆ ನಿನಗೇನು ಬೇಕಮ್ಮಾ ಅಂತ ಕೇಳುತ್ತೀರಿ. ಮೊದಲು ಆ ಚಾರ್ಟ್ ಇಳಿಸಿ. ನಕ್ಷತ್ರ ಕೊಡಬೇಕು ಅನ್ನಿಸಿದರೆ ಮಗುವಿನ ಪುಸ್ತಕದಲ್ಲಿ ಅಂಟಿಸಿ, ಅದು ಮತ್ತು ನೀವು ಮಾತ್ರ ನೋಡಿದರೆ ಸಾಕು. ಇದೇನೂ ಹೊಸಗಾಲದ ಹುಚ್ಚಲ್ಲ. ಇಟಲಿಯ ಪಾದ್ರಿ ಡಾನ್ ಬೋಸ್ಕೊ 1877ರಲ್ಲೇ ತಮ್ಮ ಶಾಲೆಗಳ ಪದ್ಧತಿ ಬಗ್ಗೆ ಬರೆಯುವಾಗ, ತೀರಾ ಅಪರೂಪದ ಸಂದರ್ಭ ಬಿಟ್ಟರೆ ತಿದ್ದುವುದು, ಶಿಕ್ಷಿಸುವುದು ಎಲ್ಲರೆದುರು ಬೇಡ, ಜೊತೆಗಾರರು ಇಲ್ಲದಾಗ ಒಂಟಿಯಾಗಿ ಹೇಳಬೇಕು ಅಂದಿದ್ದರು. ಅವರು ಕ್ಯಾಥೊಲಿಕ್, ನಿಮ್ಮ ಸಭೆ ಬೇರೆ, ಗೊತ್ತು. ಈ ಒಂದು ವಿಷಯಕ್ಕೆ ಸಾಲ ತೆಗೆದುಕೊಂಡರೆ ಯಾರೂ ತಪ್ಪು ತಿಳಿಯುವುದಿಲ್ಲ. ಶಾಲೆಯ ಶಿಸ್ತು ಮಗುವಿನ ಘನತೆಗೆ ಕುಂದು ತರದ ಹಾಗಿರಬೇಕು ಅಂತ 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 28ನೇ ವಿಧಿಯೂ ಹೇಳುತ್ತದೆ. ಆದರೆ ನಿಮ್ಮ ಜೊತೆ ಕಾನೂನಿನ ಭಾಷೆಯಲ್ಲಿ ಮಾತಾಡುವ ಆಸೆ ನನಗಿಲ್ಲ. ಆಟದ ಹೊತ್ತನ್ನು ಕಿತ್ತುಕೊಳ್ಳಬೇಡಿ ಅನ್ನುವುದಕ್ಕೆ ಒಡಂಬಡಿಕೆ ಯಾಕೆ ಬೇಕು?

ಎರಡನೆಯದು ಆ ಮೂರನೇ ಮೆಟ್ಟಿಲು. ನನಗೆ ಎಲ್ಲಕ್ಕಿಂತ ಮುಖ್ಯ ಇದೇ. ಶಾಲೆ ನಡೆಸುವ ನಾಲ್ಕು ಮನೆಗಳಲ್ಲಿ ಯಾರಿಗೂ ನೆಂಟರಲ್ಲದ ಇಬ್ಬರನ್ನು ಹುಡುಕಿ. ಬೇರೆ ಊರಿನ ಸಭೆಯವರಾದರೂ ಸರಿ, ನಿವೃತ್ತ ಶಿಕ್ಷಕರಾದರೂ ಸರಿ. ಪೋಷಕರು ತಾವೇ ಆರಿಸಿದ ಒಬ್ಬರು ಅವರ ಜೊತೆ ಕೂರಲಿ. ಟೀಚರ್ ಹತ್ತಿರ, ಹೆಡ್‌ಮಿಸ್ ಹತ್ತಿರ ಬಗೆಹರಿಯದ ವಿಷಯ ಇವರಿಗೆ ಬರಲಿ. ಹದಿನೈದು ದಿನದಲ್ಲಿ ಬರವಣಿಗೆಯಲ್ಲಿ ಉತ್ತರ ಕೊಡಲಿ. ನಮ್ಮ ವಿರುದ್ಧವೇ ಉತ್ತರ ಬಂದರೂ ಪರವಾಗಿಲ್ಲ. ಟೀಚರ್‌ಗಳಿಗೂ ಇದರಿಂದ ಒಳ್ಳೆಯದೇ. ಈಗ ಅವರ ಮೇಲಿನ ದೂರು ಗೇಟಿನ ಹತ್ತಿರ ತೀರ್ಮಾನವಾಗುತ್ತಿದೆ, ಅವರ ಮಾತು ಕೇಳುವವರೇ ಅಲ್ಲಿಲ್ಲ. ನಿಯಮದ ಪುಸ್ತಕದಲ್ಲಿ 'ಬೇರೆ ಪೋಷಕರ ಜೊತೆ ಚರ್ಚಿಸಬಾರದು' ಎಂಬ ಸಾಲನ್ನು ತೆಗೆದುಬಿಡಿ. ಅದು ಮತ್ತಾಯ ಬರೆದದ್ದಲ್ಲ.

ನಿಮ್ಮಿಂದ ಏನು ಆಗುವುದಿಲ್ಲವೋ ಅದನ್ನು ಸೇರಿಸಿಕೊಳ್ಳುವ ದಿನವೇ ಹೇಳಿ. ಓದಿನ ತೊಡಕಿರುವ ಮಕ್ಕಳಿಗೆ ಕಲಿಸಲು ತರಬೇತಿ ಪಡೆದವರು ನಿಮ್ಮಲ್ಲಿ ಇಲ್ಲ. ಚಿಕ್ಕ ಶಾಲೆಯಲ್ಲಿ ಇಲ್ಲದಿರುವುದು ಅವಮಾನವಲ್ಲ. ಇಲ್ಲ ಅಂದಿದ್ದರೆ ನಾವು ಹೊರಗೆ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದೆವು. 'ಪ್ರತಿ ಮಗುವಿಗೂ ಅದರದೇ ರೀತಿಯ ಗಮನ' ಅಂತ ಪುಸ್ತಿಕೆಯಲ್ಲಿ ಓದಿ ನಾವು ಸುಮ್ಮನೆ ಕೂತೆವು.

ಮತ್ತೆ, ಯಾರಾದರೂ ಶಾಲೆ ಬಿಟ್ಟರೆ ಮಕ್ಕಳಿಗೆ ಹೇಳಿ. ಒಂದು ದಿನ ಕರೆಸಿ, ಬೀಳ್ಕೊಡಿ. ಚೀಟಿಯನ್ನು ರಾತ್ರೋರಾತ್ರಿ ಕಿತ್ತುಹಾಕಬೇಡಿ.

ಪೋಷಕರಿಗೆ ಒಂದು ಮಾತು. ನಿಮ್ಮಲ್ಲಿ ಕೆಲವರು ಈ ಪತ್ರಕ್ಕೆ ಸಹಿ ಹಾಕುತ್ತೇವೆ ಅಂದಿರಿ, ಆಮೇಲೆ ಬೇಡ ಅಂದಿರಿ. ನನಗೆ ಕೋಪವಿಲ್ಲ. ಆದರೆ ಆ ಮೂರು ಮನೆಗಳ ಫೋನ್ ನಂಬರ್ ನಿಮ್ಮ ಹತ್ತಿರವೂ ಇದೆ. ಒಂದು ಫೋನ್ ಮಾಡಿ. ಶಾಲೆಯ ಮಾತು ತೆಗೆಯಬೇಕಂತಲೂ ಇಲ್ಲ, ಮಕ್ಕಳು ಹೇಗಿದ್ದಾರೆ ಅಂತ ಕೇಳಿದರೆ ಸಾಕು.

ನಾನು ಮಗಳನ್ನು ಇನ್ನೂ ಬಿಡಿಸಿಲ್ಲ. ಬಿಡಿಸು ಅನ್ನುವವರು ಮನೆಯಲ್ಲಿ ಇದ್ದಾರೆ. ಅವಳಿಗೆ ಹೋಗಲು ಇಷ್ಟವಿಲ್ಲ. ಅವಳ ಒಂದನೇ ಕ್ಲಾಸಿನ ಮಿಸ್ ಇನ್ನೂ ಆ ಬಾಗಿಲಲ್ಲಿ ನಿಂತಿರುತ್ತಾರೆ, ಅವಳು ದಿನಾ ಸುತ್ತು ಹಾಕಿಕೊಂಡು ಅವರ ಮುಂದೆಯೇ ಹಾದು ತನ್ನ ಕ್ಲಾಸಿಗೆ ಹೋಗುತ್ತಾಳೆ. ಅದನ್ನು ಅವಳಿಂದ ಕಿತ್ತುಕೊಳ್ಳಲು ನನಗೆ ಮನಸ್ಸು ಬರುತ್ತಿಲ್ಲ. ಮುಂದಿನ ಅವಧಿಯ ಫೀಸನ್ನೂ ಕಟ್ಟಿಲ್ಲ. ನಿಮ್ಮ ಉತ್ತರ ನೋಡಿಕೊಂಡು ಎರಡರಲ್ಲಿ ಒಂದು ಮಾಡುತ್ತೇನೆ.

ಕೊನೆಗೆ ಒಂದು ಸಣ್ಣ ಕೆಲಸ. ಈ ಶುಕ್ರವಾರದ ಕಂಠಪಾಠ ಡೈರಿಯಲ್ಲಿ ಬಂದಿದೆ. 23ನೇ ಕೀರ್ತನೆ, ಆರೂ ವಚನ. ಪುಟ ನೋಡಿ ಕಲಿಯಲು ಅವಳಿಗೆ ಆಗಲಿಲ್ಲ. ನಾನು ಓದಿ ಹೇಳಿದೆ, ಅವಳೇ ಒಂದು ರಾಗ ಹಾಕಿಕೊಂಡಳು, ಕತ್ತಲ ಕಣಿವೆ ಬರುವ ಕಡೆ ದನಿ ತಗ್ಗಿಸುತ್ತಾಳೆ. ಮೂರು ಸಂಜೆಯಲ್ಲಿ ಪೂರ್ತಿ ಬಂತು. ಹಾಡಿದರೆ ಬರುತ್ತದೆ, ಹೇಳು ಅಂದರೆ ಎರಡನೇ ಸಾಲಿಗೆ ನಿಲ್ಲುತ್ತದೆ. ಕೀರ್ತನೆ ಅಂದ ಮೇಲೆ ಹಾಡುವುದಕ್ಕೇ ಇರುವುದು, ಅಲ್ವಾ?

ಶುಕ್ರವಾರ ಅವಳು ಅದನ್ನು ಹಾಡಬಹುದಾ, ಗುರುವಾರದೊಳಗೆ ಡೈರಿಯಲ್ಲಿ ಬರೆದು ಕಳಿಸಿ.

ಇಂತಿ,
ಮೂರನೇ ಕ್ಲಾಸಿನ ಒಬ್ಬ ಅಮ್ಮ